ಬಾಂಬ್ ಬೆದರಿಕೆ ಬಂದರೆ ಮೊದಲು ಓಡಬೇಕೇ, ಹುಡುಕಬೇಕೇ?

2023ರ ಡಿಸೆಂಬರ್ 1, ಶುಕ್ರವಾರ. ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ, ಆವರಣದಲ್ಲಿ ಬಾಂಬ್ ಇಟ್ಟಿದ್ದೇವೆ ಎಂಬ ಇ-ಮೇಲ್ ಬಂತು. ಮಕ್ಕಳನ್ನು ತರಗತಿಯಿಂದ ಹೊರಗೆ ಕರೆತಂದರು, ಸುದ್ದಿ ತಿಳಿದ ಪೋಷಕರು ಕೆಲಸ ಬಿಟ್ಟು ಗೇಟಿನ ಮುಂದೆ ಬಂದು ನಿಂತರು, ಬಾಂಬ್ ನಿಷ್ಕ್ರಿಯ ದಳ ಮತ್ತು ಶ್ವಾನದಳ ಶಾಲೆಯಿಂದ ಶಾಲೆಗೆ ಓಡಾಡಿದವು. ಎಲ್ಲೂ ಏನೂ ಸಿಗಲಿಲ್ಲ.

ಸರಿಯಾಗಿ ಮೂರು ತಿಂಗಳ ಬಳಿಕ, 2024ರ ಮಾರ್ಚ್ 1. ಅದೂ ಶುಕ್ರವಾರವೇ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕುಂದಲಹಳ್ಳಿ ಬಳಿಯ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಗಿರಾಕಿಯಂತೆ ಬಂದವನೊಬ್ಬ ಬಿಟ್ಟುಹೋದ ಚೀಲದಲ್ಲಿ ಟೈಮರ್ ಇಟ್ಟ ಬಾಂಬ್ ಇತ್ತು. ಹತ್ತು ಮಂದಿಯಷ್ಟು ಗಾಯಗೊಂಡರು. ಮೊದಲ ಕೆಲವು ಹೊತ್ತು ಅದು ಗ್ಯಾಸ್ ಸಿಲಿಂಡರ್ ಸ್ಫೋಟ ಎಂದೇ ಸುದ್ದಿಯಾಗಿತ್ತು. ಪ್ರಕರಣ ದಾಖಲಾದದ್ದು ಎಚ್‌ಎಎಲ್ ಪೊಲೀಸ್ ಠಾಣೆಯಲ್ಲಿ, ಎಂದರೆ ವಿಮಾನಪುರದವರ ಠಾಣೆಯಲ್ಲೇ. ಅಲ್ಲಿಗೆ ಮುಂಚಿತವಾಗಿ ಯಾವ ಕರೆಯೂ ಬಂದಿರಲಿಲ್ಲ, ಯಾವ ಇ-ಮೇಲೂ ಬಂದಿರಲಿಲ್ಲ.

ಈ ಎರಡು ಶುಕ್ರವಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಾಂಬ್ ಬೆದರಿಕೆಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಕಾಣುತ್ತದೆ. ಬೆದರಿಕೆ ಹಾಕುವವರು ಬೇರೆ, ಬಾಂಬ್ ಇಡುವವರು ಬೇರೆ. ಬೆದರಿಸುವ ವ್ಯಕ್ತಿಗೆ ಬೇಕಾಗಿರುವುದು ಗಲಿಬಿಲಿ. ಕೊಲ್ಲಲು ಹೊರಟವನಿಗೆ ಮುನ್ಸೂಚನೆ ಕೊಡುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಫ್ರೆಡ್ ಕಾಲ್ಹೌನ್ ಮತ್ತು ಸ್ಟೀಫನ್ ವೆಸ್ಟನ್ ಎಂಬ ಅಮೆರಿಕದ ತಜ್ಞರು ಇವರನ್ನು ಊಳಿಡುವವರು ಮತ್ತು ಬೇಟೆಗಾರರು ಎಂದು ಬೇರ್ಪಡಿಸಿದ್ದಾರೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ನಮ್ಮಲ್ಲಿ ಹೇಳುವುದೂ ಇದನ್ನೇ. ಆದರೆ ಆ ಗಾದೆಯನ್ನು ನಂಬಿ ಕೈಕಟ್ಟಿ ಕೂರಲು ಆಗುವುದಿಲ್ಲ, ಏಕೆಂದರೆ ಅಪವಾದಗಳಿವೆ. ಒಂದು ದೊಡ್ಡ ಅಪವಾದವನ್ನು ಮುಂದೆ ನೋಡೋಣ.

ಈ ಬರಹವನ್ನು ನಾವು ಪೊಲೀಸರಿಗಾಗಿ ಬರೆಯುತ್ತಿಲ್ಲ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ದೇವಸ್ಥಾನ, ಮಸೀದಿ, ಚರ್ಚ್, ಗುರುದ್ವಾರದ ಸಮಿತಿ, ಗಣೇಶೋತ್ಸವ ಮತ್ತು ರಾಜ್ಯೋತ್ಸವ ಮಂಡಳಿ, ಸಣ್ಣ ಶಾಲೆ, ಗ್ರಂಥಾಲಯ ಇವನ್ನು ನಡೆಸುವವರಿಗಾಗಿ ಬರೆಯುತ್ತಿದ್ದೇವೆ. ದೊಡ್ಡ ಕಂಪನಿಗಳಿಗೆ ಭದ್ರತಾ ವಿಭಾಗ ಇರುತ್ತದೆ. ಎಚ್‌ಎಎಲ್‌ನಂಥ ಕಾರ್ಖಾನೆಯ ಒಳಗೆ ಪ್ರತಿಯೊಂದಕ್ಕೂ ನಿಯಮ ಇರುತ್ತದೆ. ಅದರ ಕಾಂಪೌಂಡಿನ ಹೊರಗಿರುವ ಅಣ್ಣಸಂದ್ರಪಾಳ್ಯದ ಸಮುದಾಯ ಭವನಕ್ಕೆ ಅಂಥದ್ದೇನೂ ಇರುವುದಿಲ್ಲ.

ಬೆದರಿಕೆ ಬಂದ ಮೊದಲ ಐದು ನಿಮಿಷ

ಫೋನ್ ಕರೆ ಬಂದರೆ ಬಹುತೇಕರು ಮಾಡುವ ಮೊದಲ ಕೆಲಸ ಕಟ್ ಮಾಡುವುದು. ಅದನ್ನು ಮಾಡಬೇಡಿ. ಕರೆ ಮಾಡಿದವರು ಮಾತಾಡುತ್ತಿರುವಷ್ಟು ಹೊತ್ತು ಮಾಹಿತಿ ಸಿಗುತ್ತಿರುತ್ತದೆ. ಪಕ್ಕದಲ್ಲಿರುವವರಿಗೆ ಸನ್ನೆ ಮಾಡಿ ಅಥವಾ ಚೀಟಿ ಬರೆದುಕೊಟ್ಟು, ಅವರು ಬೇರೆ ಫೋನಿನಿಂದ 112ಕ್ಕೆ ಕರೆ ಮಾಡಲಿ. ನೀವು ಸಮಾಧಾನದಿಂದ ಕೇಳಿ: ಯಾವಾಗ ಸಿಡಿಯುತ್ತದೆ? ಎಲ್ಲಿದೆ? ನೋಡಲು ಹೇಗಿದೆ? ಯಾಕೆ ಇಟ್ಟಿರಿ? ನಿಮ್ಮ ಹೆಸರೇನು? ಕೊನೆಯ ಪ್ರಶ್ನೆ ಹಾಸ್ಯದಂತೆ ಕಾಣಬಹುದು. ಆದರೂ ಬೇರೆ ಬೇರೆ ದೇಶಗಳ ಪೊಲೀಸರು ಕೊಡುವ ಪ್ರಶ್ನೆಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ, ಏಕೆಂದರೆ ತಡವರಿಸುತ್ತಾ ಉತ್ತರಿಸಿದವರೂ ಇದ್ದಾರೆ. ಧ್ವನಿ ಗಂಡಸಿನದೇ ಹೆಂಗಸಿನದೇ, ಮಗುವಿನದೇ, ಯಾವ ಊರಿನ ಕನ್ನಡ, ಓದಿ ಹೇಳಿದಂತಿತ್ತೇ, ಹಿಂದೆ ಬಸ್ಸಿನ ಹಾರ್ನ್ ಕೇಳಿತೇ, ರೈಲೇ, ಟಿವಿಯೇ, ಎಲ್ಲವನ್ನೂ ಕೂಡಲೇ ಬರೆದಿಡಿ. ಹತ್ತು ನಿಮಿಷ ಕಳೆದರೆ ನೆನಪು ತನ್ನದೇ ಕಥೆ ಕಟ್ಟಲು ಶುರುಮಾಡುತ್ತದೆ.

ಇ-ಮೇಲ್ ಆದರೆ ಅಳಿಸಬೇಡಿ, ಉತ್ತರಿಸಬೇಡಿ, ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ. ಸ್ಕ್ರೀನ್‌ಶಾಟ್ ಒಂದಿದ್ದರೆ ಸಾಕು ಎಂಬುದು ತಪ್ಪು ಕಲ್ಪನೆ. ಸಂದೇಶ ಯಾವ ಯಾವ ಸರ್ವರ್ ದಾಟಿ ಬಂತು ಎಂಬ ವಿವರ ಮೂಲ ಮೇಲ್‌ನ ಹೆಡರ್‌ನಲ್ಲಿ ಅಡಗಿರುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿ ಅದು ಬರುವುದಿಲ್ಲ. ಪೊಲೀಸರಿಗೆ ಬೇಕಾದದ್ದು ಆ ಹೆಡರ್. ಕಾಗದದಲ್ಲಿ ಬಂದ ಬೆದರಿಕೆಯಾದರೆ ಅದನ್ನು ಹತ್ತು ಜನ ಕೈಯಿಂದ ಕೈಗೆ ದಾಟಿಸದೆ ಕವರಿನಲ್ಲಿ ಹಾಕಿಡಿ.

ಇಲ್ಲೊಂದು ಮಾತು. ಅನೇಕ ಸಂಘಗಳ ಇ-ಮೇಲ್ ವಿಳಾಸ ಎರಡು ಅವಧಿ ಹಿಂದಿನ ಕಾರ್ಯದರ್ಶಿಯ ಫೋನಿನಲ್ಲಿ ಇರುತ್ತದೆ. ಅವರು ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗಿರುತ್ತಾರೆ. ಇಂಥ ಸಂಘಕ್ಕೆ ಸೋಮವಾರ ಬಂದ ಬೆದರಿಕೆ ಗುರುವಾರ ಗೊತ್ತಾಗುತ್ತದೆ. ಇದಕ್ಕೆ ಪರಿಹಾರ ತಂತ್ರಜ್ಞಾನವಲ್ಲ, ಪಾಸ್‌ವರ್ಡ್ ಹಸ್ತಾಂತರ.

112ಕ್ಕೆ ಹೇಳುವಾಗ ಪೂರ್ತಿ ವಿಳಾಸ, ಗುರುತಿನ ಜಾಗ, ಬೆದರಿಕೆ ಹೇಗೆ ಬಂತು, ಯಾವ ಪದಗಳಲ್ಲಿ ಬಂತು, ಈಗ ಒಳಗೆ ಎಷ್ಟು ಜನರಿದ್ದಾರೆ, ಅವರಲ್ಲಿ ಮಕ್ಕಳು, ವೃದ್ಧರು, ನಡೆಯಲಾಗದವರು ಎಷ್ಟು ಎಂಬುದನ್ನು ತಿಳಿಸಿ. ಮೊದಲು ಹೊಯ್ಸಳ ವಾಹನ ಬರುತ್ತದೆ, ನಂತರ ನಿಷ್ಕ್ರಿಯ ದಳ. ನಡುವೆ ಸಮಯ ಹಿಡಿಯುತ್ತದೆ. ಒಂದೇ ಬೆಳಗ್ಗೆ ನಲವತ್ತು ಕಡೆ ಕರೆ ಬಂದ ದಿನ ಇನ್ನೂ ಹೆಚ್ಚು ಹಿಡಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ನಿರ್ಧಾರ ಸಮಿತಿಯದ್ದೇ.

ತಕ್ಷಣ ಎಲ್ಲರನ್ನೂ ಹೊರಗೆ ಕಳಿಸುವುದೇ ಸುರಕ್ಷಿತವೇ?

ಯಾವಾಗಲೂ ಅಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಜನ ನಂಬಿರುವ ತಪ್ಪು ಕಲ್ಪನೆ ಇದೇ ಎಂಬುದು ನಮ್ಮ ಅನಿಸಿಕೆ.

ಮೇಲೆ ಹೇಳಿದ ಅಪವಾದ ಇಲ್ಲಿ ಬರುತ್ತದೆ. 1998ರ ಆಗಸ್ಟ್ 15ರಂದು ಉತ್ತರ ಐರ್ಲೆಂಡಿನ ಓಮಾ ಪಟ್ಟಣದಲ್ಲಿ ಬಾಂಬ್ ಇದೆ ಎಂದು ಮೊದಲೇ ಫೋನ್ ಕರೆಗಳು ಬಂದವು. ಬಾಂಬ್ ನಿಜವಾಗಿಯೂ ಇತ್ತು. ಆದರೆ ಜಾಗದ ವಿವರ ಗೊಂದಲದ್ದಾಗಿತ್ತು. ಕೋರ್ಟ್ ಕಟ್ಟಡದ ಬಳಿ ಇದೆ ಎಂದು ತಿಳಿದ ಪೊಲೀಸರು ಜನರನ್ನು ಅಲ್ಲಿಂದ ದೂರ, ಮಾರುಕಟ್ಟೆ ಬೀದಿಯ ಇನ್ನೊಂದು ತುದಿಗೆ ಕಳಿಸಿದರು. ಬಾಂಬಿದ್ದ ಕಾರು ನಿಂತಿದ್ದದ್ದು ಆ ತುದಿಯಲ್ಲೇ. 29 ಮಂದಿ ಸತ್ತರು. ಜನರನ್ನು ಎಲ್ಲಿಂದ ಕಳಿಸುತ್ತೇವೆ ಎಂಬುದರಷ್ಟೇ ಎಲ್ಲಿಗೆ ಕಳಿಸುತ್ತೇವೆ ಎಂಬುದೂ ಮುಖ್ಯ ಎಂದು ಜಗತ್ತು ಕಲಿತದ್ದು ಇಂಥ ಘಟನೆಗಳಿಂದ.

ಇನ್ನೊಂದು ಅಪಾಯ ನೂಕುನುಗ್ಗಲು. 2005ರ ಆಗಸ್ಟ್ 31ರಂದು ಬಾಗ್ದಾದ್‌ನಲ್ಲಿ ಯಾತ್ರಿಕರ ಗುಂಪು ಸೇತುವೆ ದಾಟುತ್ತಿದ್ದಾಗ ಗುಂಪಿನಲ್ಲಿ ಆತ್ಮಾಹುತಿ ಬಾಂಬರ್ ಇದ್ದಾನೆ ಎಂಬ ಗುಲ್ಲು ಹಬ್ಬಿತು. ಬಾಂಬ್ ಸಿಡಿಯಲಿಲ್ಲ. ಕಾಲ್ತುಳಿತಕ್ಕೆ ಸಿಕ್ಕಿ, ನದಿಗೆ ಬಿದ್ದು 900ಕ್ಕೂ ಹೆಚ್ಚು ಜನ ಸತ್ತರು. ಗೇಟಿನ ಬಳಿ ಸೇರುವ ಜನಜಂಗುಳಿ ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರಿನವರಿಗೆ ಬೇರೆಯಾಗಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಬಾಂಬಿನಿಂದಲ್ಲ, ಗುಲ್ಲಿನಿಂದಲೂ ಅಲ್ಲ, ಬರೀ ಒತ್ತಡದಿಂದ. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೇರುವ ಜನ, ಗಣೇಶ ವಿಸರ್ಜನೆಯ ರಾತ್ರಿ ಹಲಸೂರು ಕೆರೆಯ ಸುತ್ತ ಸೇರುವ ಜನ, ಇಂಥ ಕಡೆ ಮೈಕಿನಲ್ಲಿ ‘ಬಾಂಬ್’ ಎಂಬ ಪದ ಬಂದರೆ ಆ ಪದವೇ ಅಪಾಯ.

ಹಾಗಾದರೆ ಏನು ಮಾಡಬೇಕು? ಬೆದರಿಕೆ ಎಷ್ಟು ನಿರ್ದಿಷ್ಟವಾಗಿದೆ ಎಂದು ಮೊದಲು ನೋಡಿ. ನೂರು ಕಡೆಗೆ ಒಂದೇ ಪಠ್ಯ ಕಳಿಸಿದ, ಜಾಗ ಸಮಯ ಯಾವುದನ್ನೂ ಹೇಳದ ಇ-ಮೇಲ್ ಒಂದು ಬಗೆ. ‘ನಿಮ್ಮ ಸ್ಟೇಜಿನ ಹಿಂದೆ, ಜನರೇಟರ್ ಪಕ್ಕ, ಏಳು ಗಂಟೆಗೆ’ ಎಂದು ಒಳಗಿನ ನಕ್ಷೆ ಗೊತ್ತಿದ್ದವರಂತೆ ಹೇಳುವ ಕರೆ ಇನ್ನೊಂದು ಬಗೆ. ಮೊದಲನೆಯದರಲ್ಲಿ ಪೊಲೀಸರಿಗೆ ತಿಳಿಸಿ, ಕಾರ್ಯಕ್ರಮ ತಡೆಹಿಡಿದು, ಹೊಸಬರನ್ನು ಒಳಗೆ ಬಿಡದೆ, ಒಳಗಿನ ಜಾಗವನ್ನು ಕಣ್ಣಿನಿಂದ ಹುಡುಕಬಹುದು. ಎರಡನೆಯದರಲ್ಲಿ, ಅಥವಾ ಸಂಶಯದ ವಸ್ತು ಕಣ್ಣಿಗೆ ಬಿದ್ದರೆ, ತೆರವು ಮಾಡಬೇಕು. ಆದರೆ ಜನ ಹೋಗುವ ದಾರಿ ಮತ್ತು ಸೇರುವ ಜಾಗವನ್ನು ಇಬ್ಬರು ಮೊದಲು ನೋಡಿ ಬರಬೇಕು. ಪೊಲೀಸರು ಬಂದ ಮೇಲೆ ಅವರು ಹೇಳಿದ್ದೇ ಕೊನೆ ಮಾತು. ನಿರ್ಧರಿಸಲಾಗದಿದ್ದರೆ 112ರವರನ್ನೇ ಕೇಳಿ.

ಯಾರು ಹುಡುಕಬೇಕು?

ಜಾಗ ಗೊತ್ತಿರುವವರು. ಬಾಂಬ್ ನಿಷ್ಕ್ರಿಯ ದಳಕ್ಕೆ ಸ್ಫೋಟಕ ಗೊತ್ತು, ನಿಮ್ಮ ಉಗ್ರಾಣ ಗೊತ್ತಿಲ್ಲ. ಮೂಲೆಯಲ್ಲಿರುವ ನೀಲಿ ಡ್ರಮ್ಮು ಹತ್ತು ವರ್ಷದಿಂದ ಅಲ್ಲೇ ಇದೆಯೇ, ಇವತ್ತು ಬಂದದ್ದೇ ಎಂದು ಅವರು ಹೇಗೆ ಹೇಳಬೇಕು? ಅದನ್ನು ಹೇಳಬಲ್ಲವರು ನಿತ್ಯ ಕಸ ಗುಡಿಸುವವರು, ಶಾಲೆಯ ಆಯಮ್ಮ, ವಾಚ್‌ಮನ್, ದೇವಸ್ಥಾನದಲ್ಲಿ ಚಪ್ಪಲಿ ಕಾಯುವವರು. ಸಂಘದ ಅಧ್ಯಕ್ಷರಿಗಿಂತ ಇವರ ಕಣ್ಣು ಚುರುಕು. ಸುರಕ್ಷತಾ ಸಭೆ ಕರೆದಾಗ ಇವರನ್ನು ಟೀ ತರಲು ಕಳಿಸದೆ ಕುರ್ಚಿ ಕೊಟ್ಟು ಕೂರಿಸಿ. ಆದರೆ ಹುಡುಕಲು ಯಾರನ್ನೂ ಬಲವಂತ ಮಾಡಬಾರದು. ನಿರ್ದಿಷ್ಟ ಸಮಯ ಹೇಳಿದ ಬೆದರಿಕೆಯಲ್ಲಿ ಆ ಸಮಯ ಹತ್ತಿರವಾದರೆ ಯಾರೂ ಒಳಗಿರಬಾರದು.

ಹುಡುಕುವ ಕ್ರಮ ಸರಳ. ಇಬ್ಬಿಬ್ಬರು ಹೋಗಬೇಕು. ಬಾಗಿಲಲ್ಲಿ ನಿಂತು ಒಂದು ನಿಮಿಷ ಸುಮ್ಮನೆ ಕಿವಿಗೊಡಬೇಕು. ಮೊದಲು ನೆಲದಿಂದ ಸೊಂಟದ ಎತ್ತರ, ಆಮೇಲೆ ಸೊಂಟದಿಂದ ತಲೆಯ ಎತ್ತರ, ಕೊನೆಗೆ ಮೇಲಿನ ಅಟ್ಟ, ಚಾವಣಿ. ಹೊರಗೆ ಹೂಕುಂಡ, ಕಸದ ಬುಟ್ಟಿ, ಮೀಟರ್ ಬೋರ್ಡು, ನಿಂತ ವಾಹನ. ನೋಡಿದ ಕೋಣೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು. ಯಾವುದನ್ನೂ ಮುಟ್ಟಬಾರದು, ಸರಿಸಬಾರದು, ತೆರೆಯಬಾರದು.

ಬಿಟ್ಟುಹೋದ ಚೀಲಗಳೆಲ್ಲ ಬಾಂಬಲ್ಲ. ದಿನಕ್ಕೆ ನಾಲ್ಕು ಟಿಫನ್ ಡಬ್ಬಿ ಮರೆತುಹೋಗುವ ಊರಿದು. ಬ್ರಿಟನ್ನಿನ ಪೊಲೀಸರು ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳಿಕೊಡುತ್ತಾರೆ: ಇದನ್ನು ಬೇಕೆಂದೇ ಬಚ್ಚಿಟ್ಟಿದ್ದಾರೆಯೇ? ವೈರು, ಬ್ಯಾಟರಿ, ಅಂಟಿಸಿದ ಟೇಪು, ವಾಸನೆ ಇತ್ಯಾದಿ ಎದ್ದು ಕಾಣುವ ಸಂಶಯ ಇದೆಯೇ? ಇಂಥ ಜಾಗದಲ್ಲಿ ಇಂಥ ವಸ್ತು ಇರುವುದು ಸಹಜವೇ? ಮದುವೆ ಮಂಟಪದ ಮೂಲೆಯಲ್ಲಿ ಸೀರೆ ಅಂಗಡಿಯ ಚೀಲ ಸಹಜ. ಕೈ ತೊಳೆಯುವ ಜಾಗದ ಹಿಂದೆ ತುರುಕಿದ ಲ್ಯಾಪ್‌ಟಾಪ್ ಬ್ಯಾಗು ಸಹಜವಲ್ಲ. ಮೊದಲು ‘ಇದು ಯಾರದ್ದು?’ ಎಂದು ಕೂಗಿ ಕೇಳಿ, ಸಿಸಿಟಿವಿ ನೋಡಿ. ಉತ್ತರ ಸಿಗದಿದ್ದರೆ ದೂರ ಸರಿದು ಕರೆ ಮಾಡಿ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಬಾಂಬ್ ಸಾಯುತ್ತದೆ, ಮರಳು ಸುರಿದರೆ ತಣ್ಣಗಾಗುತ್ತದೆ ಎಂಬ ಸಲಹೆಗಳು ಈಗಲೂ ಓಡಾಡುತ್ತವೆ. ಎರಡಕ್ಕೂ ವಸ್ತುವನ್ನು ಎತ್ತಬೇಕು ಅಥವಾ ಅದರ ಬಳಿ ಹೋಗಬೇಕು, ಅಲುಗಾಡಿದರೆ ಸಿಡಿಯುವಂತೆ ಕಟ್ಟಿದ ಬಾಂಬುಗಳೂ ಇರುತ್ತವೆ. ಸಿನಿಮಾದ ಕೆಂಪು ವೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈರಿನ ಬಣ್ಣ ಆರಿಸುವುದು ಬಾಂಬ್ ಕಟ್ಟಿದವನು.

ಮೊಬೈಲ್ ಬಳಸಿದರೆ ಬಾಂಬ್ ಸಿಡಿಯುತ್ತದೆಯೇ?

ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿದೆ. ವಿದ್ಯುತ್ ಡಿಟೊನೇಟರ್ ಒಳಗೆ ಕೂದಲೆಳೆಯಂಥ ತಂತಿ ಇರುತ್ತದೆ. ಅದರಲ್ಲಿ ಕರೆಂಟ್ ಹರಿದರೆ ಬಿಸಿಯಾಗಿ ಸುತ್ತಲಿನ ಸೂಕ್ಷ್ಮ ಸ್ಫೋಟಕವನ್ನು ಹೊತ್ತಿಸುತ್ತದೆ. ಡಿಟೊನೇಟರ್‌ನಿಂದ ಹೊರಬರುವ ವೈರುಗಳು ಆಂಟೆನಾದಂತೆ ವರ್ತಿಸಿ, ತೀರಾ ಹತ್ತಿರದ ರೇಡಿಯೋ ತರಂಗಗಳಿಂದ ಕರೆಂಟ್ ಹುಟ್ಟುವ ಸಾಧ್ಯತೆ ಇದೆ. ಮೊಬೈಲಿಗಿಂತ ವಾಕಿಟಾಕಿಯ ಶಕ್ತಿ ಹೆಚ್ಚು, ಹಾಗಾಗಿ ಅಪಾಯವೂ ಅದರಲ್ಲೇ ಹೆಚ್ಚು. ಈ ಕಾರಣಕ್ಕೆ ಸಂಶಯದ ವಸ್ತುವಿನಿಂದ 15 ಮೀಟರ್ ಒಳಗೆ ಇವೆರಡನ್ನೂ ಬಳಸಬಾರದು ಎಂಬ ನಿಯಮವಿದೆ. ಆ ದೂರ ದಾಟಿದ ಮೇಲೆ ಕರೆ ಮಾಡಲು ಹೆದರಬೇಕಿಲ್ಲ. ಇಡೀ ಕಟ್ಟಡದಲ್ಲಿ ಯಾರೂ ಫೋನ್ ಮುಟ್ಟಬಾರದು ಎಂದು ಘೋಷಿಸಿ 112ಕ್ಕೆ ಕರೆ ಮಾಡುವುದನ್ನೇ ತಡಮಾಡಿದರೆ ಅದು ದೊಡ್ಡ ತಪ್ಪು.

ಎಷ್ಟು ದೂರ ಹೋದರೆ ಸಾಕು?

ನಮ್ಮ ಊಹೆಗಿಂತ ಹೆಚ್ಚು. ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಪಟ್ಟಿಯ ಪ್ರಕಾರ ಸುಮಾರು 2.3 ಕೆ.ಜಿ. ಸ್ಫೋಟಕದ ಪೈಪ್ ಬಾಂಬಿನಿಂದ 21 ಮೀಟರ್ ಒಳಗೆ ಯಾರೂ ಇರಲೇಬಾರದು. 23 ಕೆ.ಜಿ.ಯ ಸೂಟ್‌ಕೇಸ್ ಬಾಂಬಿಗೆ ಆ ದೂರ 46 ಮೀಟರ್, 227 ಕೆ.ಜಿ. ಇರುವ ಕಾರಿಗೆ 98 ಮೀಟರ್. ಸ್ಫೋಟಕ ಹತ್ತು ಪಟ್ಟು ಹೆಚ್ಚಿದರೂ ದೂರ ಸುಮಾರು ಎರಡೇ ಪಟ್ಟು ಹೆಚ್ಚಿರುವುದನ್ನು ಗಮನಿಸಿ. ಸ್ಫೋಟದ ಅಲೆ ಎಲ್ಲ ದಿಕ್ಕಿಗೂ ಹರಡುವುದರಿಂದ, ಅದೇ ಒತ್ತಡ ಎರಡು ಪಟ್ಟು ದೂರ ತಲುಪಬೇಕಾದರೆ ಎಂಟು ಪಟ್ಟು ಸ್ಫೋಟಕ ಬೇಕು. ಒತ್ತಡ ಬೇಗ ಕುಗ್ಗುತ್ತದೆ. ಕುಗ್ಗದೆ ದೂರ ಹಾರುವುದು ಮೊಳೆ, ಬೋಲ್ಟು ಮತ್ತು ಗಾಜಿನ ಚೂರು. ಹಾಗಾಗಿ ಬಯಲಿನಲ್ಲಿ ನಿಲ್ಲುವವರಿಗೆ ಸೂಟ್‌ಕೇಸ್ ಬಾಂಬಿನಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೇಳುತ್ತಾರೆ.

ಮುರುಗೇಶಪಾಳ್ಯದ ಗಲ್ಲಿಯಲ್ಲಿ ಅರ್ಧ ಕಿಲೋಮೀಟರ್ ಎಂದರೆ ಹಳೆ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನ ನಡುವೆ ಮಕ್ಕಳನ್ನು ನಿಲ್ಲಿಸಿದಂತೆ. ಅಲ್ಲಿ ದೂರಕ್ಕಿಂತ ಮರೆ ಮುಖ್ಯ: ನಿಮಗೂ ಕಟ್ಟಡಕ್ಕೂ ನಡುವೆ ಗಟ್ಟಿ ಗೋಡೆ ಇರಬೇಕು, ತಲೆಯ ಮೇಲೆ ಗಾಜಿನ ಮುಂಭಾಗ ಇರಬಾರದು, ಪಕ್ಕದಲ್ಲಿ ಪಾರ್ಕಿಂಗ್ ಇರಬಾರದು. ಬೆಂಕಿ ಬಿದ್ದಾಗ ಸೇರುವ ಜಾಗ ಬಹುತೇಕ ಕಡೆ ಪಾರ್ಕಿಂಗೇ. ಬೆದರಿಕೆಗೆ ಅದು ಸಲ್ಲದು. ಪಕ್ಕದ ಶಾಲೆಯ ಮೈದಾನ, ಎದುರಿನ ಕಲ್ಯಾಣ ಮಂಟಪದ ಹಿತ್ತಿಲು, ಹೀಗೆ ಎರಡು ಜಾಗ ಗೊತ್ತುಮಾಡಿ, ಅವರೊಂದಿಗೆ ಮೊದಲೇ ಮಾತಾಡಿಡಿ. ಸಾಮಾನ್ಯವಾಗಿ ಒಪ್ಪುತ್ತಾರೆ, ನಾಳೆ ಅವರಿಗೂ ಬೇಕಾಗಬಹುದು.

ಬೆಂಕಿ ತಾಲೀಮಿನ ಇನ್ನೊಂದು ಪಾಠವೂ ಇಲ್ಲಿ ತಲೆಕೆಳಗು. ಬೆಂಕಿ ಬಿದ್ದಾಗ ಎಲ್ಲವನ್ನೂ ಬಿಟ್ಟು ಓಡಿ ಎನ್ನುತ್ತೇವೆ. ಬಾಂಬ್ ಬೆದರಿಕೆಯಲ್ಲಿ ಪಕ್ಕದಲ್ಲೇ ಇರುವ ನಿಮ್ಮ ಚೀಲವನ್ನು ಜೊತೆಗೇ ಒಯ್ಯಿರಿ. ಮುನ್ನೂರು ಮಂದಿ ಮುನ್ನೂರು ಚೀಲ ಬಿಟ್ಟುಹೋದರೆ ನಿಷ್ಕ್ರಿಯ ದಳ ಮುನ್ನೂರನ್ನೂ ಪರೀಕ್ಷಿಸಬೇಕು. ಬಾಗಿಲುಗಳಿಗೆ ಬೀಗ ಹಾಕಬೇಡಿ. ಫೈರ್ ಅಲಾರಂ ಒತ್ತಬೇಡಿ, ಒತ್ತಿದರೆ ಜನ ಬೆಂಕಿಯ ದಾರಿಯನ್ನೇ ಹಿಡಿಯುತ್ತಾರೆ. ಮೈಕಿನಲ್ಲಿ ಹೇಳಬೇಕಾದ ಮಾತನ್ನು ಈಗಲೇ ಬರೆದಿಡಿ: “ದಯವಿಟ್ಟು ಗಮನಿಸಿ. ಸುರಕ್ಷತಾ ತಪಾಸಣೆಗಾಗಿ ಕಾರ್ಯಕ್ರಮವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದೇವೆ. ನಿಮ್ಮ ಚೀಲ ನಿಮ್ಮ ಕೈಯಲ್ಲೇ ಇರಲಿ. ಹಿಂದಿನ ಗೇಟಿನಿಂದ ಮೈದಾನದ ಕಡೆ ನಿಧಾನವಾಗಿ ನಡೆಯಿರಿ.” ದಂಡು ಪ್ರದೇಶ ಮತ್ತು ಪೂರ್ವ ಬೆಂಗಳೂರಿನಲ್ಲಿ ಇದನ್ನು ತಮಿಳು, ತೆಲುಗು, ಉರ್ದು, ಹಿಂದಿಯಲ್ಲೂ ಬರೆದಿಡುವುದು ಸೌಜನ್ಯವಲ್ಲ, ಅಗತ್ಯ.

ವಾಟ್ಸ್‌ಆ್ಯಪ್ ಎಂಬ ಎರಡನೇ ಸ್ಫೋಟ

ಬೆದರಿಕೆಯ ಸ್ಕ್ರೀನ್‌ಶಾಟ್ ಗ್ರೂಪಿಗೆ ಬಿದ್ದರೆ ಕಳಿಸಿದವರಿಗೆ ಬೇಕಾದ ಪ್ರಚಾರವನ್ನು ನಾವೇ ಪುಕ್ಕಟೆ ಕೊಟ್ಟಂತೆ. ಅದಕ್ಕಿಂತ ಮೊದಲು ಪೋಷಕರಿಗೆ ಸಮಿತಿಯಿಂದ ಒಂದೇ ಸಂದೇಶ ಹೋಗಬೇಕು: ಏನಾಯಿತು, ಪೊಲೀಸರು ಬಂದಿದ್ದಾರೆ, ಮಕ್ಕಳು ಎಲ್ಲಿದ್ದಾರೆ, ಯಾವ ಜಾಗದಿಂದ ಯಾವಾಗ ಕರೆದೊಯ್ಯಬಹುದು, ಮುಂದಿನ ಸಂದೇಶ ಎಷ್ಟು ಗಂಟೆಗೆ. ಈ ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. 11 ಗಂಟೆಗೆ ಇನ್ನೊಂದು ಸಂದೇಶ ಬರುತ್ತದೆ ಎಂದು ಗೊತ್ತಿದ್ದವರು ಗೇಟಿಗೆ ಓಡುವುದು ಕಡಿಮೆ. ಗೇಟಿನ ಮುಂದೆ ನೂರು ಸ್ಕೂಟರ್ ನಿಂತರೆ ನಿಷ್ಕ್ರಿಯ ದಳದ ವ್ಯಾನು ಒಳಗೆ ಬರುವುದು ಹೇಗೆ?

ಕಳಿಸಿದವರು ಸಿಗುವುದೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ವಿಪಿಎನ್, ವಿದೇಶಿ ಸರ್ವರ್‌ಗಳಿಂದ ತನಿಖೆ ಕಷ್ಟವಾಗುತ್ತದೆ, ನಿಜ. ಆದರೂ 2017ರಲ್ಲಿ ಅಮೆರಿಕದ ಯಹೂದಿ ಸಮುದಾಯ ಕೇಂದ್ರಗಳಿಗೆ ನೂರಕ್ಕೂ ಹೆಚ್ಚು ಬೆದರಿಕೆ ಬಂದಾಗ ಕೊನೆಗೆ ಇಸ್ರೇಲಿನಲ್ಲಿ ಹದಿಹರೆಯದ ಹುಡುಗನೊಬ್ಬ ಸಿಕ್ಕಿಬಿದ್ದ. ದೆಹಲಿಯ ಶಾಲೆಗಳಿಗೆ ಬಂದ ಕೆಲವು ಇ-ಮೇಲ್‌ಗಳ ಹಿಂದೆ ಪರೀಕ್ಷೆ ತಪ್ಪಿಸಿಕೊಳ್ಳಲು ಹೊರಟ ವಿದ್ಯಾರ್ಥಿಗಳಿದ್ದರು ಎಂದು ಅಲ್ಲಿನ ಪೊಲೀಸರು ಹೇಳಿದ್ದಾರೆ. 2022ರ ಏಪ್ರಿಲ್ 8ರಂದು ವರ್ತೂರು, ಮಹದೇವಪುರ, ಮಾರತ್ತಹಳ್ಳಿ ಕಡೆಯ ಶಾಲೆಗಳಿಗೆ ಬೆದರಿಕೆ ಬಂದಾಗಲೂ ಅದು ಪರೀಕ್ಷೆಯ ಕಾಲವಾಗಿತ್ತು. ಅದರ ಹಿಂದೆ ವಿದ್ಯಾರ್ಥಿಗಳೇ ಇದ್ದರು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಹುಸಿ ಬೆದರಿಕೆ ತಮಾಷೆಯ ಲೆಕ್ಕಕ್ಕೆ ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಬೆದರಿಕೆಯೇ ಅಪರಾಧ, ಹೆಸರು ಮರೆಮಾಚಿ ಹಾಕಿದ್ದರೆ ಅದರ ಮೇಲೆ ಇನ್ನೂ ಎರಡು ವರ್ಷದವರೆಗೆ ಜೈಲು ಸೇರಬಹುದು. ಮಕ್ಕಳಿಗೆ ಇದನ್ನು ಹೇಳಬೇಕು, ಹೆದರಿಸಲು ಅಲ್ಲ, ಅವರಿಗೆ ಗೊತ್ತಿರುವುದಿಲ್ಲ ಎಂಬ ಕಾರಣಕ್ಕೆ.

ಇದೆಲ್ಲಕ್ಕೂ ಸಿದ್ಧತೆ ಎಷ್ಟು ಬೇಕು? ಒಂದು ಭಾನುವಾರ ಬೆಳಗ್ಗೆ ಸಾಕು. ಬೆದರಿಕೆ ಬಂದಾಗ ನಿರ್ಧಾರ ಮಾಡುವವರು ಒಬ್ಬರು, ಅವರಿಲ್ಲದಿದ್ದರೆ ಇನ್ನೊಬ್ಬರು, ಹೆಸರು ಬರೆದಿಡಿ. ಕಟ್ಟಡದ ನಕ್ಷೆ, ಕೀಲಿಗಳ ಇನ್ನೊಂದು ಗೊಂಚಲು, ಎಚ್‌ಎಎಲ್ ಅಥವಾ ನಿಮ್ಮ ಠಾಣೆಯ ನಂಬರು, ಪ್ರಶ್ನೆಪಟ್ಟಿ, ಮೈಕಿನ ಮಾತು ಇವನ್ನು ಕಾಗದದಲ್ಲಿ ಮುದ್ರಿಸಿ ಗೇಟಿನ ಬಳಿ ಇಡಿ. ಕಟ್ಟಡ ಬಿಟ್ಟು ಹೊರಗೆ ನಿಂತಾಗ ಆಫೀಸಿನ ಕಂಪ್ಯೂಟರಿನಲ್ಲಿರುವ ಕಡತ ಉಪಯೋಗಕ್ಕೆ ಬರುವುದಿಲ್ಲ. ಸಿಸಿಟಿವಿಯ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ ನೋಡಿ. ಉಗ್ರಾಣದಲ್ಲಿ ಯಾರದ್ದೆಂದು ತಿಳಿಯದ ಪೆಟ್ಟಿಗೆಗಳಿದ್ದರೆ ವಿಲೇವಾರಿ ಮಾಡಿ, ಚೊಕ್ಕವಾಗಿರುವ ಜಾಗದಲ್ಲಿ ಹೊಸ ವಸ್ತು ತಾನೇ ಎದ್ದು ಕಾಣುತ್ತದೆ. ಅದೇ ದಿನ ಠಾಣೆಯವರನ್ನು ಕರೆದು ಒಮ್ಮೆ ಸುತ್ತು ಹಾಕಿಸಿದರೆ ಹಿಂದಿನ ಗೇಟಿಗೆ ಮೂರು ವರ್ಷದಿಂದ ತುಕ್ಕು ಹಿಡಿದ ಬೀಗ ಇದೆ ಎಂಬಂಥ ಸಂಗತಿಗಳು ಹೊರಬರುತ್ತವೆ.